ಯಾವುದು ಒಂದೇ, ಯಾವುದು ಬೇರೆ?

ಗ್ರಂಥಾಲಯದ ಕಪಾಟಿನಲ್ಲಿ ಒಂದೇ ಕಾದಂಬರಿಯ ಎರಡು ಪ್ರತಿಗಳಿವೆ. ಓದುವವನಿಗೆ ಯಾವುದು ಸಿಕ್ಕರೂ ಆದೀತು, ಎರಡೂ ಒಂದೇ. ಲೆಕ್ಕ ಇಡುವ ಗ್ರಂಥಪಾಲಕರಿಗೆ ಮಾತ್ರ ಅವು ಬೇರೆ ಬೇರೆ. ಒಂದು ಕಳೆದರೆ ಯಾರ ಕೈಯಿಂದ ದಂಡ ವಸೂಲಿ ಮಾಡಬೇಕೆಂಬುದು ಗೊತ್ತಿರಬೇಕಲ್ಲ! ಈ ಗ್ರಂಥಾಲಯಕ್ಕೆ ಜಾವಾದಲ್ಲಿ ಪ್ರೋಗ್ರಾಂ ಬರೆಯುವವರು ಇದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಐಎಸ್‌ಬಿಎನ್ ಹೊಂದಿದರೆ ಒಂದೇ ಎನ್ನೋಣವೇ, ಪ್ರತಿಯೊಂದು ಪ್ರತಿಗೂ ಗ್ರಂಥಾಲಯ ಕೊಡುವ ಅಕ್ಸೆಶನ್ ನಂಬರೂ ಹೊಂದಬೇಕೇ? ಜಾವಾಕ್ಕೆ ಇದು ತಾನಾಗಿ ತಿಳಿಯುವುದಿಲ್ಲ.

ಅದಕ್ಕೆ ತಿಳಿದಿರುವುದು '==' ಮಾತ್ರ. ಎರಡು ಹೆಸರುಗಳೂ ಮೆಮೊರಿಯಲ್ಲಿರುವ ಒಂದೇ ಆಬ್ಜೆಕ್ಟನ್ನು ತೋರಿಸುತ್ತಿವೆಯೇ ಎಂದಷ್ಟೇ ಅದು ನೋಡುತ್ತದೆ. ಎಲ್ಲ ಕ್ಲಾಸುಗಳಿಗೂ ಮೂಲವಾದ 'ಆಬ್ಜೆಕ್ಟ್' ಕ್ಲಾಸಿನಿಂದ ಬಳುವಳಿಯಾಗಿ ಬರುವ 'ಈಕ್ವಲ್ಸ್' ಮೆಥಡ್ ಕೂಡ, ನಾವು ಬದಲಿಸದಿದ್ದರೆ, ಅದನ್ನೇ ಮಾಡುತ್ತದೆ.

ಮೋಸ ಹೋಗುವುದು ಸುಲಭ. 100 ಎಂಬ ಬೆಲೆಯ ಎರಡು 'ಇಂಟಿಜರ್'ಗಳನ್ನು '=='ನಿಂದ ಹೋಲಿಸಿದರೆ ಸರಿ ಎನ್ನುವ ಜಾವಾ, 1000 ಇಟ್ಟರೆ ಸಾಮಾನ್ಯವಾಗಿ ಅಲ್ಲ ಎನ್ನುತ್ತದೆ. -128ರಿಂದ 127ರವರೆಗಿನ ಆಬ್ಜೆಕ್ಟುಗಳನ್ನು ಅದು ಮೊದಲೇ ಮಾಡಿಟ್ಟುಕೊಂಡು ಕೇಳಿದವರಿಗೆಲ್ಲ ಅವನ್ನೇ ಕೊಡುತ್ತದೆ. ಚಿಕ್ಕ ಸಂಖ್ಯೆಗಳಿಂದ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ!

ಹೀಗಾಗಿ 'ಈಕ್ವಲ್ಸ್' ಅನ್ನು ನಾವೇ ಬರೆಯಬೇಕು. ಅಲ್ಲಿ ಟೈಪ್ ಕಾಸ್ಟಿಂಗ್ ಎದುರಾಗುತ್ತದೆ. ಹೋಲಿಕೆಗೆ ಬರುವ ವಸ್ತು 'ಆಬ್ಜೆಕ್ಟ್' ಎಂಬ ಸಾಮಾನ್ಯ ವೇಷದಲ್ಲೇ ಬರುವುದರಿಂದ ಅದರ ಐಎಸ್‌ಬಿಎನ್ ನೋಡಲು ಆಗುವುದಿಲ್ಲ. 'ಇದು ಪುಸ್ತಕವೇ' ಎಂದು, ಆವರಣ ಚಿಹ್ನೆಯೊಳಗೆ ಟೈಪಿನ ಹೆಸರು ಬರೆದು, ಕಂಪೈಲರಿಗೆ ಭರವಸೆ ಕೊಡುವುದೇ ಕಾಸ್ಟಿಂಗ್. ಅದರಿಂದ ಆಬ್ಜೆಕ್ಟ್ ಒಂದಿಷ್ಟೂ ಬದಲಾಗದು. ಭರವಸೆ ಸುಳ್ಳಾದರೆ ಪ್ರೋಗ್ರಾಂ ಓಡುವಾಗ 'ಕ್ಲಾಸ್‌ಕಾಸ್ಟ್ ಎಕ್ಸೆಪ್ಶನ್' ಬೀಳುತ್ತದೆ. ಆದ್ದರಿಂದ ಮೊದಲು 'ಇನ್‌ಸ್ಟೆನ್ಸ್‌ಆಫ್' ಬಳಸಿ ವಿಚಾರಿಸಬೇಕು. ಬಂದದ್ದು ಖಾಲಿ 'ನಲ್' ಆಗಿದ್ದರೂ ಅದು ಅಲ್ಲ ಎಂದೇ ಹೇಳುತ್ತದೆ. 2021ರಲ್ಲಿ ಬಂದ ಜಾವಾ 16ರಿಂದ ಈಚೆಗೆ ವಿಚಾರಣೆ, ಕಾಸ್ಟಿಂಗ್ ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಬಹುದು.

ಸಂಖ್ಯೆಗಳ ಕಾಸ್ಟಿಂಗ್ ಕಥೆಯೇ ಬೇರೆ. ಅಲ್ಲಿ ಬೆಲೆಯೇ ಬದಲಾದೀತು: 3.9 ಅನ್ನು 'ಇಂಟ್' ಮಾಡಿದರೆ 3 ಉಳಿಯುತ್ತದೆ, 130 ಅನ್ನು 'ಬೈಟ್'ಗೆ ತುರುಕಿದರೆ -126 ಆಗುತ್ತದೆ, ಯಾವ ದೂರೂ ಇಲ್ಲದೆ. ಎರಡು ಭಿನ್ನ ಕೆಲಸಗಳಿಗೆ ಒಂದೇ ಬಗೆಯ ಆವರಣ ಚಿಹ್ನೆ ಇಟ್ಟದ್ದು ಕಲಿಯುವವರಿಗೆ ಮಾಡಿದ ಉಪಕಾರವೇನಲ್ಲ.

'ಈಕ್ವಲ್ಸ್' ಬರೆಯುವಾಗ 'ಆಬ್ಜೆಕ್ಟ್' ಬದಲು 'ಪುಸ್ತಕ' ಎಂದೇ ಸ್ವೀಕರಿಸಿ ಕಾಸ್ಟಿಂಗ್ ತಪ್ಪಿಸಿಕೊಳ್ಳುವವರೂ ಇದ್ದಾರೆ. ಆಗ ಹುಟ್ಟುವುದು ಅದೇ ಹೆಸರಿನ ಬೇರೊಂದು ಮೆಥಡ್. ಜಾವಾದ ಪಟ್ಟಿಗಳು ಹಳೆಯದನ್ನೇ ಕರೆಯುತ್ತವೆ. ಮೆಥಡ್ ಮೇಲೆ 'ಓವರ್‌ರೈಡ್' ಎಂಬ ಗುರುತು ಹಾಕಿದ್ದರೆ ಕಂಪೈಲರೇ ತಪ್ಪು ಹಿಡಿಯುತ್ತದೆ.

'ಈಕ್ವಲ್ಸ್' ಬದಲಿಸಿದವರು 'ಹ್ಯಾಶ್‌ಕೋಡ್' ಎಂಬ, ವಸ್ತುವಿಗೊಂದು ಸಂಖ್ಯೆ ಕೊಡುವ ಮೆಥಡನ್ನೂ ಬದಲಿಸಬೇಕು. 'ಹ್ಯಾಶ್‌ಸೆಟ್' ಎಂಬ ಸಂಗ್ರಹ ವಸ್ತುಗಳನ್ನು ಹುಡುಕುವುದು ಆ ಸಂಖ್ಯೆಯ ಜಾಡು ಹಿಡಿದೇ. ಸಮಾನವೆಂದ ಎರಡು ಪುಸ್ತಕಗಳಿಗೆ ಬೇರೆ ಸಂಖ್ಯೆ ಬಂದರೆ, ಒಳಗಿರುವ ಪುಸ್ತಕವನ್ನೇ ಅದು ಇಲ್ಲ ಎಂದೀತು. ಪುಸ್ತಕವನ್ನು ಸೆಟ್ಟಿಗೆ ಹಾಕಿದ ಮೇಲೆ ಅದರ ಐಎಸ್‌ಬಿಎನ್ ತಿದ್ದಿದರೂ ಇದೇ ಪಾಡು. ಹೋಲಿಕೆಗೆ ಆರಿಸಿದ ಫೀಲ್ಡುಗಳನ್ನು 'ಫೈನಲ್' (ಮತ್ತೆ ಬದಲಿಸಲಾಗದ್ದು) ಎಂದು ಘೋಷಿಸುವ ರೂಢಿಗೆ ಇದೂ ಒಂದು ಕಾರಣ.