ಗುಂಡಿ ಹಾಕುವ ಐದು ನಿಮಿಷ

ಸಮೀರವಾಡಿ ಭಾಗದ ಶಾಲೆಯೊಂದರಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರ ಪಾಠ ವೀಕ್ಷಿಸುತ್ತಿದ್ದೆ. ಒಂದನೇ ತರಗತಿಯ ಹುಡುಗನೊಬ್ಬ ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದ. ಪ್ರಶಿಕ್ಷಣಾರ್ಥಿ ಬಂದವರೇ ಎರಡು ಸೆಕೆಂಡಿನಲ್ಲಿ ಹಾಕಿಬಿಟ್ಟರು. “ಅಕ್ಕಾರ, ನಾನ ಹಾಕ್ಕೋತಿದ್ದೆ” ಎಂದ ಹುಡುಗ, ಗುಂಡಿ ಬಿಚ್ಚಿ ಮತ್ತೆ ಮೊದಲಿನಿಂದ ಶುರು ಮಾಡಿದ. ನಾನು ವೀಕ್ಷಣಾ ನಮೂನೆಯಲ್ಲಿ ‘ಮಕ್ಕಳ ಬಗ್ಗೆ ಕಾಳಜಿ ಇದೆ’ ಎಂದು ಬರೆದು ಪೂರ್ಣ ಅಂಕ ಕೊಟ್ಟೆ. ಆ ಅಂಕ ತಪ್ಪಾಗಿತ್ತು ಎಂದು ಈಗ ಅನಿಸುತ್ತದೆ.

1907ರಲ್ಲಿ ರೋಮ್‌ನಲ್ಲಿ ಮಕ್ಕಳ ಮನೆ ಆರಂಭಿಸಿದ ಮರಿಯಾ ಮಾಂಟೆಸ್ಸೊರಿ, ಗುಂಡಿ ಹಾಕುವುದು, ನೀರು ಸುರಿಯುವುದು, ನೆಲ ಒರೆಸುವುದು ಇವನ್ನೆಲ್ಲ ಕಲಿಕೆಯೆಂದೇ ಪರಿಗಣಿಸಿದರು. 1939ರಲ್ಲಿ ಅವರು ಮದ್ರಾಸಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೂ ತರಬೇತಿ ಕೊಟ್ಟರು. ಇದನ್ನು ನಾವು ಪರೀಕ್ಷೆಗೆ ಓದುತ್ತೇವೆ, ತರಗತಿಯಲ್ಲಿ ಮರೆಯುತ್ತೇವೆ.

ಇದಕ್ಕೆ ದುಬಾರಿ ಸಾಮಗ್ರಿ ಬೇಕಿಲ್ಲ. ತಂಬಿಗೆಯಿಂದ ಲೋಟಕ್ಕೆ ನೀರು ಸುರಿಯಲಿ. ಚೆಲ್ಲಿದರೆ ಅರಿವೆಯಿಂದ ತಾವೇ ಒರೆಸಲಿ. ಬೆರೆಸಿಟ್ಟ ಜೋಳ, ಕಡಲೆ ಬೇರ್ಪಡಿಸಲಿ. ಊಟವಾದ ಮೇಲೆ ತಮ್ಮ ತಾಟು ತಾವೇ ತೊಳೆಯಲಿ. ಕಾಳು ಹಿಡಿದ ಬೆರಳೇ ನಾಳೆ ಪೆನ್ಸಿಲ್ ಹಿಡಿಯುವುದು.

ಕಾರ್ಖಾನೆ ನುರಿಸಲು ಶುರುವಾದರೆ ಕಬ್ಬು ಕಡಿಯುವ ಕುಟುಂಬಗಳ ಮಕ್ಕಳೂ ನಮ್ಮ ಕಣ್ಣಿಗೆ ಬೀಳುತ್ತಾರೆ. ಗುಡಿಸಲಲ್ಲಿ ನೀರು ತುಂಬುವ, ತಮ್ಮನನ್ನು ಎತ್ತಿಕೊಳ್ಳುವ ಮಗು ಶಾಲೆಗೆ ಬಂದರೆ ಕೈಕಟ್ಟಿ ಕೂರಬೇಕು. ಆ ಮಗುವಿನ ಮೇಲೆ ಇನ್ನಷ್ಟು ಕೆಲಸ ಹೇರಿ ಎನ್ನುತ್ತಿಲ್ಲ. ಮನೆಯಲ್ಲಿ ಅದು ದೊಡ್ಡವರ ಅಗತ್ಯಕ್ಕೆ ದುಡಿಯುತ್ತದೆ. ಇಲ್ಲಿ ತನಗಾಗಿ, ತನ್ನ ವೇಗದಲ್ಲಿ ಮಾಡಲಿ. ಅದಕ್ಕೆ ಗೊತ್ತಿರುವುದನ್ನು ಶಾಲೆ ಗುರುತಿಸಲಿ. ಶಾಲೆ ಗುಡಿಸುವ ಕೆಲಸವನ್ನು ಮಕ್ಕಳ ತಲೆಗೆ ಕಟ್ಟಿ ‘ಚಟುವಟಿಕೆ’ ಎನ್ನುವುದೂ ಸಲ್ಲದು.

“ನಲವತ್ತು ಮಕ್ಕಳು, ನಲವತ್ತು ನಿಮಿಷ, ಕಾಯುವುದು ಹೇಗೆ ಸರ್?” ಎಂದು ಪ್ರಶಿಕ್ಷಣಾರ್ಥಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಪಾಠ ಮುಗಿಸದಿದ್ದರೆ ಅಂಕ ಕಡಿಯುವವರು ನಾವೇ. ಆದ್ದರಿಂದ ಬದಲಾವಣೆ ನಮ್ಮಿಂದಲೇ ಆರಂಭವಾಗಲಿ. ಪಾಠಯೋಜನೆಯಲ್ಲಿ ದಿನಕ್ಕೊಂದು ಇಂಥ ಚಟುವಟಿಕೆಗೆ ಜಾಗವಿರಲಿ. ಮೊದಲು ಶಿಕ್ಷಕರು ನಿಧಾನವಾಗಿ, ಹೆಚ್ಚು ಮಾತಿಲ್ಲದೆ ಮಾಡಿ ತೋರಿಸಲಿ. ನಂತರ ಹಿಂದೆ ಸರಿಯಲಿ. ವೀಕ್ಷಣಾ ನಮೂನೆಯಲ್ಲಿ ಒಂದು ಸಾಲು ಸೇರಲಿ: ‘ಮಗು ಕೇಳುವ ಮುನ್ನ ಸಹಾಯ ಮಾಡದೆ ಕಾದರೇ?’

ಅಂದು ಆ ಹುಡುಗನಿಗೆ ಸುಮಾರು ಐದು ನಿಮಿಷ ಹಿಡಿಯಿತು. ಕೊನೆಯ ಗುಂಡಿ ಹಾಕಿ ಅವನು ತಲೆಯೆತ್ತಿ ನೋಡಿದ. ನಾನು ಆಗ ಅಂಕ ಕೂಡಿಸುತ್ತಿದ್ದೆ.