ಗಾಜಿನ ಮೇಲಿನ ಕಾಗುಣಿತ

ಕಳೆದ ತಿಂಗಳು ನನ್ನ ತರಗತಿಯ ವಿದ್ಯಾರ್ಥಿಯೊಬ್ಬನು ತನ್ನ ಊರಿನ ಬೇಸಾಯವನ್ನು ಕುರಿತು ಟ್ಯಾಬ್ಲೆಟ್ಟಿನಲ್ಲಿಯೇ ಪ್ರಬಂಧವೊಂದನ್ನು ಬರೆದು ಕಳುಹಿಸಿದನು. "ಈ ವರ್ಷ ನಮಗೆ ಬೆಲೆ ಬರಲಿಲ್ಲ" ಎಂಬುದು ಅದರ ಕೊನೆಯ ವಾಕ್ಯ. ಪೇಟೆ ಕೈಕೊಟ್ಟಿರಬೇಕೆಂದು ಭಾವಿಸಿ, ದಲ್ಲಾಳಿಗಳ ವಿಷಯವಾಗಿ ನಾಲ್ಕು ಮಾತು ಸೇರಿಸುವಂತೆ ನಾನು ಟಿಪ್ಪಣಿ ಬರೆದೆ. ಅವನು ಹೇಳಹೊರಟಿದ್ದುದು "ಬೆಳೆ ಬರಲಿಲ್ಲ" ಎಂದು. ಅವರ ಹೊಲವೇ ಒಣಗಿಹೋಗಿತ್ತು. "ನಾನಲ್ಲ ಸಾರ್, ಅದೇ ಹಾಕಿತು" ಎಂದನು. ಅದು ಎಂದರೆ ಕೀಲಿಮಣೆ.

ನಡೆದದ್ದಿಷ್ಟು. ಅವನು ಇಂಗ್ಲಿಷಿನ ನಾಲ್ಕು ಅಕ್ಷರಗಳನ್ನು ಒತ್ತುತ್ತಾನೆ. ಯಂತ್ರವು ಊಹಿಸಿ 'ಬೆಲೆ', 'ಬೆಳೆ' ಎರಡನ್ನೂ ಮುಂದಿಡುತ್ತದೆ. ಬೆರಳು ಮೊದಲನೆಯದರ ಮೇಲೆ ಬೀಳುತ್ತದೆ. ಹೀಗೆ ಊರಿನ ಒಂದು ಸಂಕಟ ಇನ್ನೊಂದು ಸಂಕಟವಾಯಿತು.

ಮೇಜಿನ ಗಣಕದ ಗುಂಡಿಗಳ ಮೇಲೆ ಅಚ್ಚಾಗಿರುವುದು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳೇ. ಅಲ್ಲಿ ಇಂಗ್ಲಿಷಿನ ಹಂಗು ಒಂದಿಷ್ಟು ಅನಿವಾರ್ಯ. ಹಾಗಿದ್ದೂ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ಸಣ್ಣ ಎಲ್ ಒತ್ತಿದರೆ ಲಕಾರ, ದೊಡ್ಡ ಎಲ್ ಒತ್ತಿದರೆ ಳಕಾರ. ಆರಿಸುವವನು ಬರೆಯುವವನೇ, ಊಹೆಗೆ ಎಡೆಯಿಲ್ಲ. ಟ್ಯಾಬ್ಲೆಟ್ಟಿನ ಗಾಜಿನ ಮೇಲಾದರೋ ಯಾವ ಅಕ್ಷರವೂ ಅಚ್ಚಾಗಿಲ್ಲ. ಕನ್ನಡವನ್ನು ಕೇಳಿದರೆ ಅದು ಕನ್ನಡವನ್ನೇ ತೋರಿಸುತ್ತದೆ. ನಾವು ಕೇಳುವುದಿಲ್ಲ, ಅಷ್ಟೆ.

ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇದು: ಸೆಟ್ಟಿಂಗ್ಸಿಗೆ ಹೋಗಿ ಕನ್ನಡ ಅಕ್ಷರಗಳ ಕೀಲಿಮಣೆಯನ್ನೇ ಆರಿಸಿರಿ. ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಕಕಾರ ಖಕಾರಗಳಿಗೆ ಒಂದೇ ಮನೆ, ಶಿಫ್ಟ್ ಒತ್ತಿದರೆ ಮಹಾಪ್ರಾಣ. ವರ್ಣಮಾಲೆ ಬಲ್ಲವರಿಗೆ ಇದು ಹೊಸ ವಿದ್ಯೆಯೇನಲ್ಲ. 'ಸ್ತ್ರೀ' ಎಂದು ಬರೆದು ನೋಡಿರಿ: ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರದ ಚಿಹ್ನೆ, ಒಟ್ಟು 6 ಸಂಕೇತಗಳು. ಕರಿಹಲಗೆಯ ಮೇಲೆ ನಾನು ಒಂದು ಗಂಟೆ ವಿವರಿಸುವ ಸಂಯುಕ್ತಾಕ್ಷರವು ಬೆರಳ ತುದಿಯಲ್ಲಿ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ತಪ್ಪಿದರೆ ಇಡೀ ಅಕ್ಷರವನ್ನು ಕಳೆದುಕೊಳ್ಳಬೇಕಾಗಿಲ್ಲ. ಅಳಿಸುವ ಕೀಲಿಯನ್ನು ಒಮ್ಮೆ ಒತ್ತಿದರೆ ನನ್ನ ಟ್ಯಾಬ್ಲೆಟ್ಟಿನಲ್ಲಿ ಈಕಾರವೊಂದೇ ಕಳಚುತ್ತದೆ.

ಮೊದಲ ವಾರ ಕಷ್ಟವೇ. ರಜೆಯ ಅರ್ಜಿಯೊಂದಕ್ಕೆ ನನಗೆ ಅರ್ಧ ಗಂಟೆ ಹಿಡಿಯಿತು. ಉದ್ದದ ಬರಹಕ್ಕೆ ಟ್ಯಾಬ್ಲೆಟ್ಟನ್ನು ಅಡ್ಡಲಾಗಿ ಮೇಜಿನ ಮೇಲೆ ಒರಗಿಸಿಕೊಂಡರೆ ಕೀಲಿಗಳು ಅಗಲವಾಗುತ್ತವೆ. ಎರಡು ಸಾಲಿಗಾದರೆ ನೆಟ್ಟಗೆ ಹಿಡಿದು ಹೆಬ್ಬೆರಳುಗಳಿಂದ ಬರೆಯಬಹುದು.

"ಈಗ ಮಾತನಾಡಿದರೇ ಬರೆದುಕೊಳ್ಳುತ್ತದಲ್ಲ, ಈ ತಾಪತ್ರಯವೇಕೆ?" ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ಪತ್ರಕ್ಕೆ ಆದೀತು. ಆದರೆ ಮಾತನಾಡುವಾಗ ಹಕಾರವನ್ನೇ ನುಂಗುವ ನಮ್ಮ ಕಡೆಯ ಹುಡುಗರಿಗೆ ಕಾಗುಣಿತವು ನಿಲ್ಲುವುದು ಕೈಯಲ್ಲಿಯೇ ಎಂಬುದು ನನ್ನ ಅನುಭವ. ಬಾಯಿ ಬಿಟ್ಟದ್ದನ್ನು ಕೈ ಹಿಡಿದುಕೊಂಡಿತ್ತು. ಆ ಕೈಯ ಕೆಲಸವನ್ನೂ ಊಹೆಗೆ ಒಪ್ಪಿಸಿ ನಾವು ಉತ್ತರಪತ್ರಿಕೆಯಲ್ಲಿ ಅಂಕ ಕಳೆಯುತ್ತ ಕುಳಿತರೆ ನ್ಯಾಯವೆ?

ದಲ್ಲಾಳಿಗಳ ಟಿಪ್ಪಣಿಯನ್ನು ನಾನು ಹೊಡೆದುಹಾಕಿದೆ. ಪ್ರಬಂಧವು ತಿದ್ದುಪಡಿಯಾಗಿ ಮೊನ್ನೆ ಮರಳಿ ಬಂದಿತು. 'ಬೆಳೆ' ಸರಿಯಾಗಿದೆ. ಹೊಸದಾಗಿ ಸೇರಿಸಿದ ವಾಕ್ಯದಲ್ಲಿ ಮಾತ್ರ ಎರಡು ತಿಂಗಳಿಂದ 'ಮಲೆ' ಬಂದಿಲ್ಲ.