ಉಪ್ಪುನೀರಿನ ಪೂಲ್ ಅಂದ್ರೆ ಕ್ಲೋರಿನ್ ಇಲ್ಲ ಅಂತಲ್ಲ ಗುರು!

ಮೊನ್ನೆ ಚಿಕ್ಕಪ್ಪನ ಮನೆ ಪೂಲ್ ಫೋಟೋ ಹಾಕಿದ್ದೇ ತಡ, ಅರ್ಧ ಕ್ಲಾಸ್ ಕೇಳಿದ್ದು ಒಂದೇ: "ಉಪ್ಪುನೀರಾ? ಹಾಗಾದ್ರೆ ಕೆಮಿಕಲ್ ಇಲ್ವಾ?"

ಇದೆ. ಪಿಯುಸಿ ಕೆಮಿಸ್ಟ್ರಿಯ ವಿದ್ಯುದ್ವಿಭಜನೆ ನೆನಪಿದ್ಯಾ? ಅದೇ ಕಥೆ. ಉಪ್ಪುನೀರು ಸೆಲ್ ಒಳಗೆ ಹರಿಯುವಾಗ ಕರೆಂಟು ಅದರಿಂದಲೇ ಕ್ಲೋರಿನ್ ತಯಾರಿಸುತ್ತೆ. ಲೀಟರಿಗೆ 3-4 ಗ್ರಾಂ ಉಪ್ಪು ಸಾಕು. ಸಮುದ್ರದಲ್ಲಿ ಸುಮಾರು 35 ಗ್ರಾಂ ಇರುತ್ತೆ.

ಸ್ಟೋರ್ ರೂಮಲ್ಲಿ ಈಗ ಕ್ಲೋರಿನ್ ಡಬ್ಬಗಳ ಸಾಲು ಇಲ್ಲ. ಚಿಕ್ಕ ಮಕ್ಕಳಿರೋ ಮನೆಗೆ ಇದು ದೊಡ್ಡ ಸಮಾಧಾನ, ಒಪ್ತೀನಿ. ನೀರೂ ಮೈಗೆ ಮೃದು. ಆದ್ರೆ ಪಿಎಚ್ ಏರ್ತಾನೇ ಇರುತ್ತೆ, ಆಸಿಡ್ ಕ್ಯಾನ್ ಮನೆ ಬಿಟ್ಟು ಹೋಗಲ್ಲ. ಬೆಂಗಳೂರಿನ ಗಡಸು ಬೋರ್‌ವೆಲ್ ನೀರಿಗೆ ಸೆಲ್ ಪ್ಲೇಟ್ ಮೇಲೆ ಗೀಸರ್ ಕಾಯಿಲ್ ಥರ ಬಿಳಿ ಪೊರೆ ಬೇರೆ. ಕೆಲವು ವರ್ಷಕ್ಕೆ ಸೆಲ್ಲೇ ಬದಲಿಸಬೇಕು, ಅದು ಅಗ್ಗದ್ದಲ್ಲ.

ನನ್ನ ನಿಜವಾದ ತಕರಾರು ಬೇರೆ. 50,000 ಲೀಟರ್ ಪೂಲಿಗೆ 150ರಿಂದ 200 ಕೆಜಿ ಉಪ್ಪು. ಉಪ್ಪು ಆವಿಯಾಗಲ್ಲ. ಫಿಲ್ಟರ್ ಬ್ಯಾಕ್‌ವಾಶ್ ಮಾಡಿದ ನೀರು ಎಲ್ಲಿಗೆ? ಚಿಕ್ಕಪ್ಪ ಕೈತೋಟಕ್ಕೆ ಬಿಟ್ರು. ಅಜ್ಜಿಯ ದಾಸವಾಳದ ಎಲೆ ಅಂಚೆಲ್ಲ ಸುಟ್ಟ ಹಾಗಾಯ್ತು. ಇಂಗಿದ್ರೆ ಅಂತರ್ಜಲಕ್ಕೆ. ಲೇಔಟಿನ ಮಾಮೂಲಿ ಎಸ್‌ಟಿಪಿಗೆ ಬಿಟ್ರೂ ಕರಗಿದ ಉಪ್ಪು ಹೋಗಲ್ಲ, ಅದೇ ನೀರು ಪಾರ್ಕಿನ ಗಿಡಕ್ಕೆ. ಆ ನೀರಿಗೆ ದಾರಿ ಯೋಚಿಸದ ಮನೆಗೆ ಈ ಸಿಸ್ಟಮ್ ಬೇಡ್ವೇ ಬೇಡ ಅಂತೀನಿ.

ಚಿಕ್ಕಪ್ಪನಿಗೂ ಹೇಳ್ದೆ. "ನೀನು ಬಂದು ಈಜಾಡು ಸಾಕು" ಅಂದ್ರು. ಅಜ್ಜಿ ಮಾತ್ರ ಇನ್ನೂ ಅವರ ಜೊತೆ ಮಾತು ಬಿಟ್ಟಿದ್ದಾರೆ.